ಮಳೆಗಾಲದ ಬೈಕ್ ಪ್ರವಾಸಕ್ಕೆ ಆರು ಸಾವಿರದೊಳಗೆ ನೀರಿಳಿಯದ ಸಾಫ್ಟ್ ಬ್ಯಾಗು: ಯಾವುದನ್ನು ಆರಿಸಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಜುಲೈ ಎರಡನೆಯ ವಾರದಲ್ಲಿ ಬೆಂಗಳೂರಿನಿಂದ ಹೊರಟು ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆಯ ಮಾರ್ಗವಾಗಿ ಉಡುಪಿಗಿಳಿದು, ಅಲ್ಲಿಂದ ಕುಮಟಾದವರೆಗೆ ಕಡಲ ಬದಿಯ ಹೆದ್ದಾರಿಯಲ್ಲಿ ಸಾಗಿ, ದೇವಿಮನೆ ಘಟ್ಟ ಹತ್ತಿ ಶಿರಸಿ, ಸಾಗರಗಳ ಮೂಲಕ ಮರಳುವ ಐದು ದಿನಗಳ ಪ್ರವಾಸಕ್ಕೆ ಸಿದ್ಧತೆ ನಡೆಸಿದ್ದೇನೆ. ಬೈಕು ಹೀರೋ ಎಕ್ಸ್‌ಪಲ್ಸ್ 200. ಹಿಂಬದಿ ಸವಾರರಿಲ್ಲ. ಬಟ್ಟೆಬರೆ, ಒಂದು ಜೊತೆ ಚಪ್ಪಲಿ, ಔಷಧ, ಪಂಕ್ಚರ್ ಸಾಮಗ್ರಿ ಮತ್ತು ಅನಿವಾರ್ಯವಾಗಿ ಒಂದು ಲ್ಯಾಪ್‌ಟಾಪ್ ಜೊತೆಗಿರುತ್ತವೆ.

ಬ್ಯಾಗಿಗಾಗಿ ಆರು ಸಾವಿರ ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಆದರೆ ಅಂಗಡಿಗಳಲ್ಲಿಯೂ ಜಾಲತಾಣಗಳಲ್ಲಿಯೂ ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ಒಂದರ ಮೇಲೆ ‘ವಾಟರ್‌ಪ್ರೂಫ್’ ಎಂದು ಬರೆದಿರುತ್ತದೆ, ಇನ್ನೊಂದರ ಮೇಲೆ ‘ವಾಟರ್ ರೆಸಿಸ್ಟೆಂಟ್’ ಎಂದಿರುತ್ತದೆ, ಮತ್ತೊಂದಕ್ಕೆ ರೇನ್ ಕವರ್ ಉಚಿತ. ಕೆಲವು ಕಡೆ 500 ಡೀನಿಯರ್, ಕೆಲವು ಕಡೆ 1000 ಡೀನಿಯರ್. ಇವುಗಳಲ್ಲಿ ಯಾವ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಎರಡೂ ಬದಿಗೆ ನೇತಾಡುವ ಸ್ಯಾಡಲ್ ಬ್ಯಾಗು ಒಳ್ಳೆಯದೇ, ಸೀಟಿನ ಮೇಲೆ ಕಟ್ಟುವ ಟೇಲ್ ಬ್ಯಾಗು ಒಳ್ಳೆಯದೇ? ಮಳೆಗಾಲದಲ್ಲಿ ಘಟ್ಟ ಸುತ್ತಿ ಬಲ್ಲವರು ದಯವಿಟ್ಟು ತಿಳಿಸಿ.

ಕೆಎ-20 ಕರಾವಳಿ:

ಮೇಡಂ, ಮೊದಲಿಗೆ ಒಂದು ಎಚ್ಚರಿಕೆ: ದೇವಿಮನೆ ಘಟ್ಟದಲ್ಲಿ ಮಳೆಗಾಲದಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚುವುದುಂಟು, ಆದ್ದರಿಂದ ಹೊರಡುವ ಮುನ್ನ ಕುಮಟಾದಲ್ಲಿ ವಿಚಾರಿಸಿಕೊಳ್ಳಿ. ಇನ್ನು ಆಗುಂಬೆಯ ವಿಷಯ ಹೇಳುವುದಾದರೆ, ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು ಅದು. ಅದರಲ್ಲಿಯೂ ಜುಲೈ ಎಂದರೆ ಮಳೆ ನಿಂತಾಗ ಹೊರಡೋಣ ಎಂದು ಕಾಯುವುದರಲ್ಲಿ ಅರ್ಥವಿಲ್ಲದ ತಿಂಗಳು. 14 ತಿರುವುಗಳನ್ನು ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ನಿಮ್ಮ ಬ್ಯಾಗಿನ ನಿಜಬಣ್ಣ ಗೊತ್ತಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಹೊಸ ಬ್ಯಾಗಿಗೆ ಹಣ ಸುರಿಯುವ ಅಗತ್ಯವೇ ಇಲ್ಲ. ಮನೆಯಲ್ಲಿರುವ ಗಟ್ಟಿಯಾದ ಯಾವುದಾದರೂ ಡಫಲ್ ಬ್ಯಾಗನ್ನು ತೆಗೆದುಕೊಂಡು, ಅದರ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಚೀಲದ ಬಾಯಿಯನ್ನು ತಿರುಚಿ ಮಡಚಿ ರಬ್ಬರ್ ಬ್ಯಾಂಡ್ ಬಿಗಿದರೆ ಕೆಲಸ ಮುಗಿಯಿತು. ನಮ್ಮ ಕಡೆ ರಸಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಲೈನರನ್ನು ಚೆನ್ನಾಗಿ ತೊಳೆದು ಇದೇ ಕೆಲಸಕ್ಕೆ ಬಳಸುವವರಿದ್ದಾರೆ. ಹೊರಗಿನ ಬ್ಯಾಗು ನೆನೆದರೆ ನೆನೆಯಲಿ, ಒಳಗಿನದು ಒಣಗಿದ್ದರೆ ಸಾಕಲ್ಲವೇ?

ಮಲೆಗದ್ದೆ:

ಕರಾವಳಿಯವರ ಮಾತಿನ ತಿರುಳು ಸರಿಯಾಗಿದೆ, ಆದರೆ ಅದಕ್ಕೆ ಕೆಲವು ತಿದ್ದುಪಡಿಗಳು ಬೇಕು. ಅದಕ್ಕಿಂತ ಮೊದಲು ನೀರು ಬ್ಯಾಗಿನೊಳಗೆ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಏಕೆಂದರೆ ಬಹುಪಾಲು ಜನ ಮಳೆ ಬೀಳುವ ಮೇಲ್ಮೈಯನ್ನು ನೋಡಿ ಬ್ಯಾಗು ಕೊಳ್ಳುತ್ತಾರೆ, ನೀರು ನುಗ್ಗುವುದು ಮಾತ್ರ ಬೇರೆ ಕಡೆಯಿಂದ.

ಬಟ್ಟೆ ಎಷ್ಟು ನೀರಿನ ಒತ್ತಡವನ್ನು ತಡೆಯುತ್ತದೆ ಎಂಬುದನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. 1,500 ಮಿಲಿಮೀಟರ್ ಎಂದರೆ ಆ ಬಟ್ಟೆಯ ಮೇಲೆ ಒಂದೂವರೆ ಮೀಟರ್ ಎತ್ತರದ ನೀರಿನ ಕಂಬ ನಿಂತರೂ ಜಿನುಗುವುದಿಲ್ಲ ಎಂದರ್ಥ. ಈಗ ನೀವು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೀರಿ ಎಂದುಕೊಳ್ಳಿ. ಆ ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 300 ಪಾಸ್ಕಲ್, ಅಂದರೆ ಬರೀ 30 ಮಿಲಿಮೀಟರ್ ನೀರಿನ ಕಂಬಕ್ಕೆ ಸಮ. ಹನಿಗಳ ಹೊಡೆತವನ್ನು ಸೇರಿಸಿ ಅದನ್ನು ಹತ್ತು ಪಟ್ಟು ಮಾಡಿದರೂ 300 ಮಿಲಿಮೀಟರ್ ದಾಟುವುದಿಲ್ಲ. ಲೇಪನವಿರುವ ಸಾಧಾರಣ ಬಟ್ಟೆಯೂ ಇದನ್ನು ಸುಲಭವಾಗಿ ತಡೆಯುತ್ತದೆ.

ಬ್ಯಾಗಿನ ತಳಕ್ಕೆ ಬನ್ನಿ. ಎಂಟು ಕಿಲೋ ತೂಕದ ಬ್ಯಾಗು ಒದ್ದೆ ಸೀಟಿನ ಮೇಲೆ ಕುಳಿತಿದೆ, ಮೇಲಿನಿಂದ ಪಟ್ಟಿಗಳು ಅದನ್ನು ಬಿಗಿದಿವೆ, ಚಪ್ಪಲಿಯ ಅಂಚೋ ಚಾರ್ಜರೋ ಇರುವ ಕಡೆ ಭಾರವೆಲ್ಲ ಅಂಗೈಯಗಲದ ಜಾಗದ ಮೇಲೆ ಬೀಳುತ್ತಿದೆ. ಎಂಟು ಕಿಲೋ ಭಾರ ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಚೌಕದ ಮೇಲೆ ನಿಂತರೆ ಅದು 800 ಮಿಲಿಮೀಟರ್ ನೀರಿನ ಒತ್ತಡಕ್ಕೆ ಸಮ. ಅದರ ಜೊತೆಗೆ ರಸ್ತೆಯ ಗುಂಡಿಗಳಲ್ಲಿ ಬೈಕು ಕುಪ್ಪಳಿಸಿದಾಗಲೆಲ್ಲ ಆ ಒತ್ತಡ ಇನ್ನೂ ಏರುತ್ತದೆ. ಸೀಟಿನ ಹೊಂಡದಲ್ಲಿ ನಿಂತ ನೀರು, ಹಿಂದಿನ ಚಕ್ರ ಎರಚುವ ಕೆಸರುನೀರು ಎರಡೂ ಇದೇ ತಳದ ಕಡೆಗೇ ಬರುತ್ತವೆ. ಬ್ಯಾಗು ಮೇಲಿನಿಂದ ನೆನೆಯುವುದಕ್ಕಿಂತ ಕೆಳಗಿನಿಂದ ನೆನೆಯುವುದೇ ಹೆಚ್ಚು ಎಂಬುದಕ್ಕೆ ಕಾರಣ ಇದು.

ರೇನ್ ಕವರಿನ ದೌರ್ಬಲ್ಯವೂ ಇಲ್ಲಿಯೇ ಇದೆ. ಅದು ಮೇಲಿನ ಮೂರು ಬದಿಗಳನ್ನು ಮುಚ್ಚುತ್ತದೆ, ಸೀಟಿಗೆ ತಾಗುವ ಬದಿಯನ್ನು ಬಿಡುತ್ತದೆ. ಗಾಳಿ ತುಂಬಿ ಉಬ್ಬಿಕೊಂಡಾಗ ಅದರ ಇಲಾಸ್ಟಿಕ್ ಒಂದು ಮೂಲೆಯಲ್ಲಿ ಜಾರುತ್ತದೆ, ಅಲ್ಲಿಂದ ಒಳಹೊಕ್ಕ ನೀರು ಕವರಿನ ತಳದಲ್ಲಿ ತೊಟ್ಟಿಯಂತೆ ನಿಲ್ಲುತ್ತದೆ, ಮತ್ತು ಅದೇ ನೀರಿನಲ್ಲಿ ಬ್ಯಾಗು ದಿನವಿಡೀ ಕುಳಿತಿರುತ್ತದೆ. ತಳದಲ್ಲಿ ನೀರು ಸೋರಿಹೋಗಲು ಒಂದು ಲೋಹದ ರಂಧ್ರವಿರುವ ಕವರುಗಳು ಸ್ವಲ್ಪ ವಾಸಿ. ಧೂಳಿಗೆ ಮತ್ತು ಹತ್ತು ನಿಮಿಷದ ತುಂತುರಿಗೆ ಕವರ್ ಸಾಕು, ಆಗುಂಬೆಯ ಜುಲೈಗೆ ಸಾಲದು.

ಡೀನಿಯರ್ ಸಂಖ್ಯೆಯ ಬಗ್ಗೆ ಕೇಳಿದ್ದೀರಿ. 9,000 ಮೀಟರ್ ಉದ್ದದ ನೂಲಿನ ತೂಕ ಎಷ್ಟು ಗ್ರಾಂ ಎಂಬುದೇ ಡೀನಿಯರ್. ಅದು ನೂಲಿನ ದಪ್ಪವನ್ನು ಹೇಳುತ್ತದೆಯೇ ಹೊರತು ನೀರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. 1000 ಡೀನಿಯರಿನ ಬ್ಯಾಗು ಉಜ್ಜಾಟಕ್ಕೆ, ಬೈಕು ಬಿದ್ದಾಗಿನ ತರಚಿಗೆ ಹೆಚ್ಚು ತಾಳಿಕೊಳ್ಳುತ್ತದೆ, ನಿಜ. ಆದರೆ ಹೊಲಿಗೆಯ ತೂತುಗಳಿಗೆ ಟೇಪು ಹಚ್ಚದ 1000 ಡೀನಿಯರಿನ ಬ್ಯಾಗಿಗಿಂತ, ಹೊಲಿಗೆಯೇ ಇಲ್ಲದಂತೆ ಅಂಚುಗಳನ್ನು ಬೆಸೆದ 500 ಡೀನಿಯರಿನ ಬ್ಯಾಗು ಮಳೆಗೆ ಬಹಳ ಮೇಲು. ಬಟ್ಟೆಯನ್ನು ಮುಟ್ಟಿ ನೋಡುವುದಕ್ಕಿಂತ ಬ್ಯಾಗನ್ನು ಒಳಗಿನಿಂದ ಮಗುಚಿ ಅಂಚುಗಳನ್ನು ನೋಡಿ. ಅಲ್ಲಿ ದಾರ ಕಂಡರೆ ದಾರದ ಮೇಲೆ ಟೇಪು ಇದೆಯೇ ಎಂದು ನೋಡಿ. ಟೇಪು ಇದ್ದರೆ ಮೂಲೆಗಳಲ್ಲಿ ಅದು ಎದ್ದಿದೆಯೇ ಎಂದು ಉಗುರಿನಿಂದ ಕೆರೆದು ನೋಡಿ.

ಮುಚ್ಚಳದ ವಿಷಯಕ್ಕೆ ಬಂದರೆ, ನಿಮ್ಮ ಬಜೆಟ್ಟಿನಲ್ಲಿ ಜಿಪ್ ಇರುವ ಬ್ಯಾಗಿನ ಯೋಚನೆಯನ್ನೇ ಬಿಡಿ. ಬಾಯಿಯನ್ನು ಸುರುಳಿ ಸುತ್ತಿ ಕ್ಲಿಪ್ಪು ಹಾಕುವ ರೋಲ್ ಟಾಪ್ ಮಾದರಿಯೇ ಅಗ್ಗದ್ದು ಮತ್ತು ಭದ್ರವಾದದ್ದು. ಜಿಪ್ಪಿನ ಮೇಲೆ ರಬ್ಬರಿನಂಥ ಲೇಪನವಿದ್ದ ಮಾತ್ರಕ್ಕೆ ಅದು ನೀರನ್ನು ಪೂರ್ತಿ ತಡೆಯುತ್ತದೆ ಎಂದಲ್ಲ. ಸಾಮಾನ್ಯವಾಗಿ ಅದು ನೀರನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುತ್ತದೆ, ಅಷ್ಟೇ.

ಉತ್ತರದ ದಾರಿ:

ಮಲೆಗದ್ದೆಯವರ ಲೆಕ್ಕಾಚಾರ ಚೆನ್ನಾಗಿದೆ, ಆದರೆ ಖರೀದಿದಾರರು ಅಂಗಡಿಯಲ್ಲಿ ನಿಂತು ಪಾಸ್ಕಲ್ ಎಣಿಸಲಾರರು. ಐಪಿ ಶ್ರೇಣಿ, ಅಂದರೆ ನೀರನ್ನು ಎಷ್ಟು ತಡೆಯುತ್ತದೆ ಎಂದು ಪರೀಕ್ಷಿಸಿ ಕೊಡುವ ಅಂಕಿ, ಇರುವ ಬ್ಯಾಗನ್ನೇ ಕೊಳ್ಳಿ ಎಂದು ನೇರವಾಗಿ ಹೇಳಿಬಿಡುವುದು ಒಳ್ಳೆಯದಲ್ಲವೇ? ಹಿಮಾಚಲದ ಸ್ಪಿತಿಯ ಕಡೆ ರಸ್ತೆಗೆ ಅಡ್ಡಲಾಗಿ ಹರಿಯುವ ತೊರೆಗಳಲ್ಲಿ ಬೈಕು ಮಗುಚಿದರೆ ಬ್ಯಾಗು ಕೆಲವು ಕ್ಷಣಗಳಾದರೂ ಪೂರ್ತಿ ನೀರಿನಲ್ಲಿ ಮುಳುಗುತ್ತದೆ. ಆ ಕಡೆ ಸುತ್ತಾಡಿದ ಮೇಲೆ ನಾನಂತೂ ಐಪಿಎಕ್ಸ್7 ಇಲ್ಲದ ಬ್ಯಾಗನ್ನು ಮುಟ್ಟುವುದಿಲ್ಲ.

ಮಲೆಗದ್ದೆ:

ಐಪಿ ಶ್ರೇಣಿ ಉಪಯುಕ್ತವೇ, ಅಂಕಿಗಳನ್ನು ಸರಿಯಾಗಿ ಓದಿಕೊಂಡರೆ. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕುಗಳಿಂದ ಎರಚುವ ನೀರನ್ನು ತಡೆಯುತ್ತದೆ. ಐಪಿಎಕ್ಸ್6 ಪರೀಕ್ಷೆಯಲ್ಲಿ ನಿಮಿಷಕ್ಕೆ 100 ಲೀಟರ್ ರಭಸದ ನೀರಿನ ಧಾರೆಯನ್ನು ಕನಿಷ್ಠ ಮೂರು ನಿಮಿಷ ಹೊಡೆಯುತ್ತಾರೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿಡುವುದು. ಗಮನಿಸಬೇಕಾದ ಸಂಗತಿಯೆಂದರೆ, 7 ದೊಡ್ಡದು 6 ಚಿಕ್ಕದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮುಳುಗುವ ಪರೀಕ್ಷೆಯಲ್ಲಿ ಗೆದ್ದ ವಸ್ತು ಧಾರೆಯ ಪರೀಕ್ಷೆಯಲ್ಲಿಯೂ ಗೆಲ್ಲಬೇಕೆಂದಿಲ್ಲ. ಎರಡರಲ್ಲಿಯೂ ಗೆದ್ದಿದ್ದರೆ ಎರಡನ್ನೂ ನಮೂದಿಸಬೇಕು. ಹೆದ್ದಾರಿಯ ಮಳೆಗೆ ನಮಗೆ ಬೇಕಾದದ್ದು 6ರ ಗುಣ. ನಿಮ್ಮ ಸ್ಪಿತಿಯ ತೊರೆಗೆ 7 ಬೇಕು, ಒಪ್ಪುತ್ತೇನೆ; ಉಡುಪಿ, ಕುಮಟಾದ ಟಾರು ರಸ್ತೆಗೆ ಅದು ಹೆಚ್ಚಾಯಿತು.

ಇನ್ನೊಂದು ತೊಡಕೂ ಇದೆ. ಪರೀಕ್ಷೆ ನಡೆಯುವುದು ಹೊಸ ಬ್ಯಾಗಿನ ಮೇಲೆ. ಎರಡು ಮಳೆಗಾಲ ಕಂಡ ಬ್ಯಾಗಿನ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿದ್ದರೆ ಚೀಟಿಯ ಮೇಲಿನ ಅಂಕಿ ನಿಮಗೇನೂ ಹೇಳುವುದಿಲ್ಲ. ಆದ್ದರಿಂದ ಬ್ಯಾಗು ಮನೆಗೆ ಬಂದ ದಿನವೇ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ, ಬಚ್ಚಲಿನಲ್ಲಿ ಒಂದು ಪರೀಕ್ಷೆ ಮಾಡಿ. ಖಾಲಿ ಬ್ಯಾಗಿನ ಬಾಯಿ ಅಗಲಿಸಿ ಗಾಳಿ ತುಂಬಿಕೊಳ್ಳುವಂತೆ ಒಮ್ಮೆ ಬೀಸಿ, ಕೂಡಲೇ ಬಾಯಿಯನ್ನು ಮೂರು ಸುತ್ತು ಸುತ್ತಿ ಕ್ಲಿಪ್ಪು ಹಾಕಿ. ಅದು ದಿಂಬಿನ ಹಾಗೆ ಉಬ್ಬಿ ನಿಲ್ಲಬೇಕು. ಸೋಪಿನ ನೀರನ್ನು ಬಟ್ಟೆಯಿಂದ ಅಂಚುಗಳಿಗೆ, ಮೂಲೆಗಳಿಗೆ, ಮುಖ್ಯವಾಗಿ ಹಿಡಿಕೆ ಮತ್ತು ಡಿ ಆಕಾರದ ಉಂಗುರಗಳನ್ನು ಕೂರಿಸಿದ ಜಾಗಗಳಿಗೆ ಸವರಿ, ಮೊಣಕಾಲಿನಿಂದ ಬ್ಯಾಗನ್ನು ಮೆಲ್ಲನೆ ಒತ್ತಿ. ತೂತಿದ್ದ ಕಡೆ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಅಗ್ಗದ ಬ್ಯಾಗುಗಳಲ್ಲಿ ಗುಳ್ಳೆ ಏಳುವುದು ಬಹುತೇಕ ಆ ಉಂಗುರಗಳ ಬುಡದಲ್ಲೇ, ಏಕೆಂದರೆ ಬ್ಯಾಗಿನ ಅಂಚನ್ನೆಲ್ಲ ಬೆಸೆದವರು ಉಂಗುರದ ಪಟ್ಟಿಯನ್ನು ಮಾತ್ರ ನೇರವಾಗಿ ಬ್ಯಾಗಿನ ಮೈಗೆ ಹೊಲಿದಿರುತ್ತಾರೆ. ಒಳ್ಳೆಯ ತಯಾರಕರು ಪಟ್ಟಿಯನ್ನು ಬೇರೆ ತುಂಡಿಗೆ ಹೊಲಿದು, ಆ ತುಂಡನ್ನು ಬ್ಯಾಗಿನ ಮೈಗೆ ಬೆಸೆಯುತ್ತಾರೆ.

ಗುಳ್ಳೆ ಎದ್ದರೆ ಹಿಂದಿರುಗಿಸಿ, ಚರ್ಚೆಗೆ ಹೋಗಬೇಡಿ.

ಹುಬ್ಬಳ್ಳಿ ತಾಡಪತ್ರಿ:

ಲಾರಿಗಳಿಗೆ ತಾಡಪತ್ರಿ ಹೊಲಿದು ಕೊಡುವುದು ನಮ್ಮ ಮನೆಯ ಕಸುಬು. ಇತ್ತೀಚೆಗೆ ಬೈಕಿನ ಹುಡುಗರೂ ಅಳತೆ ಕೊಟ್ಟು ಬ್ಯಾಗು ಹೊಲಿಸಿಕೊಳ್ಳಲು ಬರುತ್ತಿರುವುದರಿಂದ ಎರಡು ಮಾತು ಬರೆಯುತ್ತಿದ್ದೇನೆ.

ಒಂದನೆಯದಾಗಿ, ಎಲ್ಲ ತಾಡಪತ್ರಿಗಳೂ ಒಂದೇ ಅಲ್ಲ. ಅಡಿಕೆ, ಮೆಕ್ಕೆಜೋಳ ಒಣಗಿಸಲು, ಮೇವಿನ ಬಣವೆಗೆ ಹೊದಿಸಲು ರೈತರು ಕೊಳ್ಳುವ ಸಿಲ್ಪಾಲಿನ್ ಮುಂತಾದವು ಪಾಲಿಥೀನ್ ಜಾತಿಯವು. ಅವು ಹಗುರ, ನೀರನ್ನು ಚೆನ್ನಾಗಿ ತಡೆಯುತ್ತವೆ, ಆದರೆ ಅವಕ್ಕೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ, ಹೊಲಿದರೆ ಸೂಜಿಯ ಸಾಲಿನಲ್ಲೇ ಹರಿದುಕೊಳ್ಳುತ್ತವೆ. ಅವುಗಳಿಂದ ಬ್ಯಾಗು ಮಾಡಿಸಬೇಡಿ. ಲಾರಿಗೆ ಹಾಕುವ ಪಿವಿಸಿ ಲೇಪನದ ಪಾಲಿಯೆಸ್ಟರ್ ಬಟ್ಟೆಯೇ ಬೇರೆ. ಅದು ಚದರ ಮೀಟರಿಗೆ 600 ಗ್ರಾಂ ಆಸುಪಾಸು ತೂಗುತ್ತದೆ ಮತ್ತು ಬಿಸಿಗಾಳಿಯಿಂದಲೋ ಹೈ ಫ್ರೀಕ್ವೆನ್ಸಿ ಯಂತ್ರದಿಂದಲೋ ಅದನ್ನು ಅದಕ್ಕೇ ಬೆಸೆಯಬಹುದು. ಹೈ ಫ್ರೀಕ್ವೆನ್ಸಿ ಯಂತ್ರ ಎಲ್ಲ ಊರುಗಳಲ್ಲಿಯೂ ಇರುವುದಿಲ್ಲ, ಆದರೆ ದೊಡ್ಡ ಫ್ಲೆಕ್ಸ್ ಬ್ಯಾನರುಗಳನ್ನು ಜೋಡಿಸುವವರ ಬಳಿ ಬಿಸಿಗಾಳಿಯ ಯಂತ್ರ ಇರುತ್ತದೆ. ಫ್ಲೆಕ್ಸ್ ಕೂಡ ಪಿವಿಸಿಯೇ ಆಗಿರುವುದರಿಂದ ಅವರ ಕೈ ಈ ಕೆಲಸಕ್ಕೆ ಪಳಗಿರುತ್ತದೆ.

ಎರಡನೆಯದಾಗಿ, ದಾರದ ವಿಷಯ. ಹಿಂದಿನ ಕ್ಯಾನ್ವಾಸ್ ತಾಡಪತ್ರಿಗಳಿಗೆ ಹತ್ತಿಯ ದಾರ ಹಾಕುತ್ತಿದ್ದರು. ನೀರು ಬಿದ್ದಾಗ ಆ ದಾರ ಉಬ್ಬಿ ಸೂಜಿಯ ತೂತನ್ನು ತಾನೇ ಮುಚ್ಚುತ್ತಿತ್ತು. ಈಗಿನ ಪಾಲಿಯೆಸ್ಟರ್ ದಾರ ಗಟ್ಟಿ, ಕೊಳೆಯುವುದಿಲ್ಲ, ಆದರೆ ಉಬ್ಬುವುದೂ ಇಲ್ಲ. ಹಾಗಾಗಿ ಹೊಲಿದ ಬ್ಯಾಗಿಗೆ ಒಳಗಿನಿಂದ ಪಟ್ಟಿ ಬೆಸೆಯಲೇಬೇಕು. ‘ಡಬಲ್ ಹೊಲಿಗೆ ಹಾಕಿದ್ದೇವೆ, ನೀರು ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ, ತೂತುಗಳೂ ಡಬಲ್ ಆದವು ಎಂದೇ ತಿಳಿಯಿರಿ.

ಅಳತೆ ಕೊಟ್ಟು ಹೊಲಿಸುವುದು ಅಗ್ಗವೇ ಎಂದು ಕೇಳಿದರೆ, ಒಂದೇ ಬ್ಯಾಗಿಗಾದರೆ ಅಷ್ಟೇನೂ ಅಗ್ಗವಲ್ಲ. ನಾಲ್ಕಾರು ಜನ ಸೇರಿ ಒಂದೇ ಅಳತೆಯಲ್ಲಿ ಮಾಡಿಸಿದರೆ ಲಾಭ.

ಬವೇರಿಯಾ ಕನ್ನಡಿಗ:

ತಾಡಪತ್ರಿಯವರ ಮಾತು ಓದಿ ಇಲ್ಲಿಯ, ಅಂದರೆ ಜರ್ಮನಿಯ, ಒಂದು ಸಂಗತಿ ಹೇಳಬೇಕೆನಿಸಿತು. ಸೈಕಲ್ ಮತ್ತು ಬೈಕುಗಳ ನೀರಿಳಿಯದ ಬ್ಯಾಗುಗಳಿಗೆ ಹೆಸರಾದ ಆರ್ಟ್‌ಲೀಬ್ ಕಂಪನಿ ಹುಟ್ಟಿದ್ದೇ ಲಾರಿಯ ತಾಡಪತ್ರಿಯಿಂದ. ಅದರ ಸ್ಥಾಪಕ ಹಾರ್ಟ್‌ಮುಟ್ ಆರ್ಟ್‌ಲೀಬ್ 1981ರಲ್ಲಿ ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸ ಮಾಡುವಾಗ ಮಳೆಯಲ್ಲಿ ಸಾಮಾನೆಲ್ಲ ನೆನೆದು, ಪಕ್ಕದಲ್ಲಿ ಹಾದುಹೋದ ಲಾರಿಯ ಸರಕು ಮಾತ್ರ ಒಣಗಿರುವುದನ್ನು ಗಮನಿಸಿ, ಊರಿಗೆ ಬಂದು ತಾಯಿಯ ಹೊಲಿಗೆ ಯಂತ್ರದಲ್ಲಿ ತಾಡಪತ್ರಿಯ ಬಟ್ಟೆಯಿಂದ ಮೊದಲ ಬ್ಯಾಗು ಹೊಲಿದರಂತೆ. 1982ರಲ್ಲಿ ಕಂಪನಿ ಆರಂಭವಾಯಿತು. ನ್ಯೂರೆಂಬರ್ಗ್ ಬಳಿಯ ಹೈಲ್ಸ್‌ಬ್ರೋನ್ ಎಂಬ ಪುಟ್ಟ ಊರಿನಲ್ಲಿ ಈಗಲೂ ಅವರ ಕಾರ್ಖಾನೆ ಇದೆ. ಆದರೆ ತುಂಗಾತೀರ ಅವರು ಇಲ್ಲಿಂದ ತರಿಸಿಕೊಳ್ಳುವ ಯೋಚನೆ ಮಾಡುವುದು ಬೇಡ. ಸಾಗಣೆ ವೆಚ್ಚ, ಆಮದು ಸುಂಕ ಸೇರಿದರೆ ನಿಮ್ಮ ಬಜೆಟ್ಟು ಎಲ್ಲಿಯೋ ಉಳಿಯುತ್ತದೆ. ಅದೇ ತತ್ತ್ವದ ಮೇಲೆ ಮಾಡಿದ ರೋಲ್ ಟಾಪ್ ಬ್ಯಾಗುಗಳು ಈಗ ಭಾರತದಲ್ಲಿಯೇ ಸಿಗುತ್ತವೆ.

ತುಂಗಾತೀರ:

ಎಲ್ಲರಿಗೂ ಧನ್ಯವಾದಗಳು. ರೋಲ್ ಟಾಪ್ ಮತ್ತು ಬೆಸೆದ ಅಂಚು ಎಂಬಲ್ಲಿಗೆ ಮನಸ್ಸು ಗಟ್ಟಿಯಾಯಿತು. ಬೆಂಗಳೂರಿನವರೇ ಆದ ವಯಾಟೆರಾ, ಮುಂಬಯಿಯ ರೈನಾಕ್ಸ್, ಅಲ್ಲದೆ ಡೆಕಾಥ್ಲಾನಿನಲ್ಲಿ ದೋಣಿ ವಿಹಾರಕ್ಕೆಂದು ಮಾರುವ ಡ್ರೈ ಬ್ಯಾಗುಗಳನ್ನು ನೋಡಿದ್ದೇನೆ. ಸ್ಯಾಡಲ್ ಬ್ಯಾಗೇ, ಟೇಲ್ ಬ್ಯಾಗೇ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಬದಿಗೆ ಹಾಕಿದರೆ ಭಾರ ಕೆಳಗಿರುತ್ತದೆ ಎಂದು ಕೇಳಿದ್ದೇನೆ, ಆದರೆ ಎಕ್ಸ್‌ಪಲ್ಸಿನ ಸೈಲೆನ್ಸರ್ ಬಲಬದಿಯಲ್ಲಿ ಮೇಲಕ್ಕೆ ಎದ್ದಿದೆ.

ಮಲೆಗದ್ದೆ:

ನಿಮ್ಮ ಪ್ರಶ್ನೆಗೆ ನಿಮ್ಮ ಬೈಕಿನ ಸೈಲೆನ್ಸರೇ ಉತ್ತರ ಕೊಟ್ಟಿದೆ. ಪಿವಿಸಿ ಲೇಪನ 100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಮೆತ್ತಗಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ನೂಲುಗಳು ಕರಗಲು 200 ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಕಾದರೂ ಅವುಗಳ ಮೇಲಿನ ಲೇಪನ ಹೋದ ಮೇಲೆ ಬರೀ ಬಟ್ಟೆ ಇದ್ದು ಏನು ಪ್ರಯೋಜನ? ಓಡುವಾಗ ಗಾಳಿ, ಮಳೆ ಸೈಲೆನ್ಸರನ್ನು ತಣಿಸುತ್ತಿರುತ್ತವೆ. ಅಪಾಯವಿರುವುದು ಘಟ್ಟ ಹತ್ತಿ ಬಂದು ಚಹಾಕ್ಕೆ ನಿಂತ ಹತ್ತು ನಿಮಿಷಗಳಲ್ಲಿ. ಗಾಳಿಯಿಲ್ಲದೆ ನಿಂತ ಬೈಕಿನ ಬಿಸಿಯೆಲ್ಲ ಒರಗಿದ ಬ್ಯಾಗಿಗೆ ತಟ್ಟುತ್ತದೆ. ಬಲಬದಿಗೆ ಬ್ಯಾಗು ಹಾಕಲೇಬೇಕೆಂದರೆ ಲೋಹದ ಸ್ಟೇ, ಅಂದರೆ ಬ್ಯಾಗನ್ನು ದೂರ ಹಿಡಿಯುವ ಕಂಬಿ, ಕೂರಿಸಿ ಅಂತರ ಕಾಯ್ದುಕೊಳ್ಳಬೇಕು, ಅಂದರೆ ಬ್ಯಾಗಿನ ಬೆಲೆಯ ಜೊತೆಗೆ ಸ್ಟೇಯ ಬೆಲೆ. ಆರು ಸಾವಿರದಲ್ಲಿ ಎರಡೂ ಚೆನ್ನಾಗಿರುವುದು ಸಿಗಲಾರದು.

ಎಡಬದಿಯ ಬಗ್ಗೆಯೂ ಒಂದು ಮಾತಿದೆ, ಮುಂದೆ ಯಾರಿಗಾದರೂ ಉಪಯೋಗವಾದೀತು. ಹಿಂಬದಿ ಸವಾರರ ಉಡುಪು ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ಸಾಧನ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಾವಳಿಯ 123ನೆಯ ನಿಯಮ ಹೇಳುತ್ತದೆ. ನಾವು ಸೀರೆ ಗಾರ್ಡ್ ಎಂದು ಕರೆಯುವುದು ಅದನ್ನೇ. ಬೈಕು ಕೊಂಡ ಮರುದಿನವೇ ಚೆಂದ ಕಾಣುವುದಿಲ್ಲವೆಂದು ಅದನ್ನು ಕಳಚಿಡುವವರು ಬಹಳ. ಆದರೆ ನೇತಾಡುವ ಬ್ಯಾಗು ಚೈನಿನ ಕಡೆಗೂ ಚಕ್ರದ ಕಡೆಗೂ ವಾಲದಂತೆ ತಡೆಯಲು, ಕಾಸು ಖರ್ಚಿಲ್ಲದೆ ಕಂಪನಿಯಿಂದಲೇ ಬಂದ ಸ್ಟೇ ಅದು. ಸ್ಯಾಡಲ್ ಬ್ಯಾಗು ಬಳಸುವವರು ಅಟ್ಟದ ಮೇಲಿಟ್ಟ ಸೀರೆ ಗಾರ್ಡನ್ನು ಇಳಿಸಿ ಮತ್ತೆ ಕೂರಿಸಿಕೊಳ್ಳಿ.

ನಿಮಗೆ ನನ್ನ ಸಲಹೆ, ಬೆಸೆದ ಅಂಚಿನ 40 ಲೀಟರಿನ ಒಂದೇ ಒಂದು ರೋಲ್ ಟಾಪ್ ಡಫಲ್. ಹಿಂಬದಿ ಸೀಟು ಖಾಲಿ ಇರುವುದರಿಂದ ಅದನ್ನು ಕ್ಯಾರಿಯರಿನ ಮೇಲಲ್ಲ, ಸೀಟಿನ ಮೇಲೆಯೇ ಬೆನ್ನಿಗೆ ಹತ್ತಿರವಾಗಿ ಅಡ್ಡಕ್ಕೆ ಕಟ್ಟಿ. ಭಾರ ಹಿಂದಿನ ಆಕ್ಸಲ್ಲಿನಿಂದ ಆಚೆ ಹೋದಷ್ಟೂ ಮುಂದಿನ ಚಕ್ರ ಹಗುರವಾಗುತ್ತದೆ. ಒದ್ದೆ ತಿರುವುಗಳಲ್ಲಿ ಅದು ಬೇಡವಾದ ಹಗುರ. 60 ಲೀಟರಿನ ಬ್ಯಾಗು ಕೊಂಡರೆ ಇಪ್ಪತ್ತು ಲೀಟರ್ ಅನಗತ್ಯ ಸಾಮಾನು ತಾನಾಗಿ ಸೇರಿಕೊಳ್ಳುತ್ತದೆ, ಇದು ಪ್ರವಾಸಿಗರ ಜಾತಿಗುಣ. ಬಾಯಿ ಮೂರು ಸುತ್ತು ಸುತ್ತಲು ಜಾಗ ಉಳಿಯುವಷ್ಟೇ ತುಂಬಬೇಕು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎರಡೇ ಸುತ್ತಿಗೆ ಕ್ಲಿಪ್ಪು ಹಾಕಿದ ರೋಲ್ ಟಾಪ್ ನೀರನ್ನು ನಂಬಿಗಸ್ತವಾಗಿ ತಡೆಯುವುದಿಲ್ಲ.

ಕೆಎ-20 ಕರಾವಳಿ:

ಎಲ್ಲ ಸರಿ, ಆದರೆ ನಾನು ಹೇಳಿದ ಒಳಚೀಲವನ್ನು ಯಾರೂ ಕೈಬಿಡಬೇಡಿ. ನೀರು ಒಳಗೆ ಬರದಂತೆ ತಡೆಯುವ ಬ್ಯಾಗು ಒಳಗಿನ ತೇವವನ್ನು ಹೊರಗೂ ಬಿಡುವುದಿಲ್ಲ. ಮೊದಲ ದಿನ ಸಂಜೆ ಒದ್ದೆ ಕಾಲುಚೀಲವೊಂದನ್ನು ಅದರೊಳಗೆ ತುರುಕಿದರೆ ಮೂರನೆಯ ದಿನಕ್ಕೆ ಬ್ಯಾಗಿನಲ್ಲಿರುವ ಬಟ್ಟೆಯೆಲ್ಲ ಮುಗ್ಗಲು ವಾಸನೆ ಹೊಡೆಯುತ್ತದೆ. ಜುಲೈಯಲ್ಲಿ ನಮ್ಮ ಕಡೆ ವಸತಿಗೃಹದ ಕೋಣೆಯಲ್ಲಿ ಫ್ಯಾನಿನ ಕೆಳಗೆ ರಾತ್ರಿಯಿಡೀ ಹರವಿದರೂ ಜೀನ್ಸ್ ಪ್ಯಾಂಟು ಒಣಗುವುದಿಲ್ಲ. ಒಣಗಿದ ಬಟ್ಟೆಗೊಂದು, ಒದ್ದೆ ಬಟ್ಟೆಗೊಂದು ತೆಳುವಾದ ಒಳಚೀಲ ಬೇಕೇ ಬೇಕು. ಒದ್ದೆಯ ಚೀಲ ಬ್ಯಾಗಿನ ಹೊರಗೆ, ಪಟ್ಟಿಗಳ ಅಡಿಯಲ್ಲಿದ್ದರೆ ಇನ್ನೂ ಒಳ್ಳೆಯದು. ರೇನ್‌ಕೋಟನ್ನೂ ಒಳಗೆ ಇಡಬೇಡಿ. ಮಳೆ ಶುರುವಾದ ಮೇಲೆ ಅದನ್ನು ತೆಗೆಯಲು ಬ್ಯಾಗಿನ ಬಾಯಿ ಬಿಚ್ಚಿದರೆ ಇಷ್ಟೆಲ್ಲ ಚರ್ಚೆ ಮಾಡಿದ್ದು ವ್ಯರ್ಥ.

ಲ್ಯಾಪ್‌ಟಾಪ್ ಒಯ್ಯಲೇಬೇಕೇ?

ತುಂಗಾತೀರ:

ಒಯ್ಯಲೇಬೇಕು, ರಜೆ ಸಿಕ್ಕಿರುವುದೇ ಆ ಷರತ್ತಿನ ಮೇಲೆ.

ಉತ್ತರದ ದಾರಿ:

ಹಾಗಿದ್ದರೆ ಅದಕ್ಕೆ ಬೇರೆಯೇ ಒಂದು ಸಣ್ಣ ಡ್ರೈ ಬ್ಯಾಗು ಇರಲಿ, ಮತ್ತು ಅದು ದೊಡ್ಡ ಬ್ಯಾಗಿನ ತಳದಲ್ಲಿ ಅಲ್ಲ, ಬಟ್ಟೆಗಳ ನಡುವೆ ಇರಲಿ. ಬೆನ್ನಿಗೆ ಹಾಕಿಕೊಳ್ಳುವ ಬ್ಯಾಗಿನಲ್ಲಿ ಒಯ್ಯಬೇಡಿ. ದಿನಕ್ಕೆ ಏಳೆಂಟು ಗಂಟೆ ಸವಾರಿಯಲ್ಲಿ ಭುಜ ಹೋಗುತ್ತದೆ, ಬಿದ್ದರೆ ಬೆನ್ನುಮೂಳೆಗೂ ಒಳ್ಳೆಯದಲ್ಲ. ಬಜೆಟ್ಟಿನಲ್ಲಿ ಒಂದು ಪಾಲನ್ನು ಕಟ್ಟುವ ಪಟ್ಟಿಗಳಿಗೆ ಎತ್ತಿಡಿ ಎಂಬುದನ್ನೂ ಸೇರಿಸುತ್ತೇನೆ. ತುದಿಯಲ್ಲಿ ಕಬ್ಬಿಣದ ಕೊಕ್ಕೆ ಇರುವ ಎಳೆಯುವ ಹಗ್ಗ ಎಲ್ಲ ಕಡೆ ಸಿಗುತ್ತದೆ, ಅಗ್ಗವೂ ಹೌದು, ಆದರೆ ಬಿಗಿಯುವಾಗ ಕೈಜಾರಿದರೆ ಆ ಕೊಕ್ಕೆ ನೇರವಾಗಿ ಮುಖಕ್ಕೆ ಬರುತ್ತದೆ. ಸಾಲದ್ದಕ್ಕೆ ಗುಂಡಿಗೆ ಬಿದ್ದಾಗಲೆಲ್ಲ ಹಗ್ಗ ಹಿಗ್ಗಿ ಬ್ಯಾಗು ಜಾರಲು ಅವಕಾಶ ಕೊಡುತ್ತದೆ.

ಹುಬ್ಬಳ್ಳಿ ತಾಡಪತ್ರಿ:

ಟಿವಿಎಸ್ ಎಕ್ಸ್‌ಎಲ್ ಮೇಲೆ ಎರಡು ಮೂಟೆ ತರಕಾರಿ ಹೇರಿಕೊಂಡು ಎಪಿಎಂಸಿಗೆ ಬರುವವರನ್ನು ನೋಡಿ. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಮಾಡಿದ ಪಟ್ಟಿಯಿಂದ ಕಟ್ಟಿರುತ್ತಾರೆ, ಕೊಕ್ಕೆಯ ಹಂಗೇ ಇಲ್ಲ. ಅದು ಒದ್ದೆಯಾದರೂ ಹಿಡಿತ ಬಿಡುವುದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಬ್ಯಾಗಿಗೆ ನೈಲಾನ್ ಪಟ್ಟಿ ಹಾಕಿ, ಅದರ ಮೇಲೊಂದು ಟ್ಯೂಬಿನ ಪಟ್ಟಿ ಹಾಕಿದರೆ ನನ್ನ ಮಟ್ಟಿಗೆ ಅದಕ್ಕಿಂತ ಭದ್ರವಾದದ್ದಿಲ್ಲ.

ಟ್ಯೂಬಿನ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ದಾರಿಯಲ್ಲಿ ಬ್ಯಾಗು ತೂತಾದರೆ ಪಂಕ್ಚರಿನ ಸೊಲ್ಯೂಷನ್ ಹಚ್ಚಿ ರಬ್ಬರ್ ತುಂಡು ಅಂಟಿಸಲು ಹೋಗಬೇಡಿ. ಅದು ರಬ್ಬರಿಗೆ ಮಾಡಿದ್ದು, ಪಿವಿಸಿಯ ಮೇಲೆ ಸರಿಯಾಗಿ ಹಿಡಿಯುವುದಿಲ್ಲ, ಒಂದೇ ದಿನದಲ್ಲಿ ಎದ್ದು ಬರುತ್ತದೆ. ಪಿವಿಸಿಗೆ ಪಿವಿಸಿಯ ಅಂಟೇ ಬೇಕು, ತೇಪೆಯೂ ಅದೇ ಬಟ್ಟೆಯದಾಗಿರಬೇಕು. ತಾತ್ಕಾಲಿಕವಾಗಿ ಅಗಲವಾದ ಬಟ್ಟೆಯ ಟೇಪನ್ನು ಒಳಗಿನಿಂದ ಹಚ್ಚಿ ಊರು ಸೇರಿಕೊಳ್ಳಿ. ಹಚ್ಚುವ ಮೊದಲು ಆ ಜಾಗವನ್ನು ಚೆನ್ನಾಗಿ ಒಣಗಿಸಿ ಒರೆಸಬೇಕು.

ತುಂಗಾತೀರ:

ನಿನ್ನೆ ಅಂಗಡಿಗೆ ಹೋಗಿ ನಾಲ್ಕು ಬ್ಯಾಗುಗಳನ್ನು ಒಳಗಿನಿಂದ ಮಗುಚಿ ನೋಡಿದೆ. ಮಾರಾಟದ ಹುಡುಗನಿಗೆ ಸ್ವಲ್ಪ ಕಸಿವಿಸಿಯಾಯಿತು. ಅವುಗಳಲ್ಲಿ ಎರಡಕ್ಕೆ ದಾರ ಎದ್ದು ಕಾಣುತ್ತಿತ್ತು; ಒಂದರಲ್ಲಿ ಟೇಪು ಇದ್ದರೂ ತಳದ ಮೂಲೆಯಲ್ಲಿ ಅದು ಸುಕ್ಕುಗಟ್ಟಿ ಕೊಳವೆಯಂತೆ ಎದ್ದಿತ್ತು. ನಾಲ್ಕನೆಯದು ಬೆಸೆದ ಅಂಚಿನ 40 ಲೀಟರಿನ ಡಫಲ್, ಒಳಮೈ ತಿಳಿ ಬೂದು ಬಣ್ಣದ್ದು. ಒಳಗೆ ಕಪ್ಪು ಬಣ್ಣವಿರುವ ಬ್ಯಾಗಿನಲ್ಲಿ ಚಾರ್ಜರ್ ಹುಡುಕುವುದು ಎಂಥ ಪಾಡೆಂದು ಗೊತ್ತಿರುವುದರಿಂದ ಇದೂ ಒಂದು ಅನುಕೂಲವೆನಿಸಿತು. ಅದನ್ನೇ ಕೊಂಡೆ. ಅದರ ಜೊತೆಗೆ ಎರಡು ತೆಳುವಾದ ಒಳಚೀಲ, ಲ್ಯಾಪ್‌ಟಾಪಿಗೊಂದು ಸಣ್ಣ ಡ್ರೈ ಬ್ಯಾಗು, ಬಕಲ್ ಇರುವ ಎರಡು ಪಟ್ಟಿಗಳು. ಎಲ್ಲ ಸೇರಿ ಆರು ಸಾವಿರದೊಳಗೇ ಆಯಿತು. ರಾತ್ರಿ ಸೋಪಿನ ನೀರಿನ ಪರೀಕ್ಷೆಯನ್ನೂ ಮುಗಿಸಿದೆ, ಉಂಗುರಗಳ ಬುಡದಲ್ಲಿ ಗುಳ್ಳೆ ಏಳಲಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿದೆ. ಎಕ್ಸ್‌ಪಲ್ಸಿನ ಹಿಂದಿನ ಲಗೇಜ್ ಪ್ಲೇಟಿನಲ್ಲಿ ಕೊಕ್ಕೆಗಳಿವೆ, ಹಾಗಾಗಿ ಬ್ಯಾಗಿನ ಹಿಂಬದಿಯನ್ನು ಬಿಗಿಯುವುದು ಸುಲಭ. ಮುಂಬದಿಯನ್ನು ಎಲ್ಲಿಗೆ ಕಟ್ಟಬೇಕು? ಹಿಂಬದಿ ಸವಾರರ ಫುಟ್‌ರೆಸ್ಟಿಗೆ ಕಟ್ಟಿದರೆ ಬಲಬದಿಯ ಪಟ್ಟಿ ಸೈಲೆನ್ಸರಿನ ಮೇಲೆ ಹಾದುಹೋಗುತ್ತದೆ.

ಮಲೆಗದ್ದೆ:

ಫುಟ್‌ರೆಸ್ಟ್ ಬೇಡ. ಸೀಟನ್ನು ಬಿಚ್ಚಿ, ಅದರ ಕೆಳಗಿನ ಚಾಸಿಸ್ ಕೊಳವೆಗೆ ಎರಡೂ ಬದಿ ನೈಲಾನ್ ಪಟ್ಟಿಯ ಒಂದೊಂದು ಕುಣಿಕೆ ಹಾಕಿ, ಕುಣಿಕೆಯ ತುದಿ ಮಾತ್ರ ಹೊರಗೆ ಕಾಣುವಂತೆ ಸೀಟು ಕೂರಿಸಿ. ವೈರುಗಳ ಮೇಲೆ ಪಟ್ಟಿ ಬಾರದಂತೆ ನೋಡಿಕೊಳ್ಳಿ. ಬ್ಯಾಗಿನ ಮುಂದಿನ ಪಟ್ಟಿಗಳನ್ನು ಆ ಕುಣಿಕೆಗಳಿಗೆ ಸಿಕ್ಕಿಸಿದರೆ ಅವು ಸೈಲೆನ್ಸರಿನ ಹತ್ತಿರಕ್ಕೂ ಹೋಗುವುದಿಲ್ಲ. ಕಟ್ಟಿದ ಮೇಲೆ ಹಿಂದೆ ನಿಂತು ಟೇಲ್ ಲ್ಯಾಂಪು, ಇಂಡಿಕೇಟರ್, ನಂಬರ್ ಪ್ಲೇಟು ಪೂರ್ತಿ ಕಾಣುತ್ತವೆಯೇ ನೋಡಿ. ಮಂಜು ಕವಿದ ಘಟ್ಟದಲ್ಲಿ ಹಿಂದಿನ ಬಸ್ಸಿನ ಚಾಲಕನಿಗೆ ಕಾಣುವುದು ಆ ದೀಪವೊಂದೇ. ಹೊರಟು ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯಿರಿ. ಬಟ್ಟೆ ಕುಳಿತುಕೊಂಡು ಬ್ಯಾಗು ಸ್ವಲ್ಪ ಇಳಿದಿರುತ್ತದೆ.

ಹುಬ್ಬಳ್ಳಿ ತಾಡಪತ್ರಿ:

ಕುಣಿಕೆಗೆ ಪಟ್ಟಿ ಕತ್ತರಿಸಿದ ಮೇಲೆ ತುದಿಯನ್ನು ಮೇಣದಬತ್ತಿಯ ಉರಿಗೆ ಹಿಡಿದು ನೂಲುಗಳನ್ನು ಕರಗಿಸಿ ಅಂಟಿಸಿಬಿಡಿ, ಇಲ್ಲದಿದ್ದರೆ ಎರಡು ದಿನದಲ್ಲಿ ಎಳೆ ಬಿಚ್ಚಿಕೊಳ್ಳುತ್ತದೆ. ಬಿಗಿದ ಮೇಲೆ ಉಳಿದ ಪಟ್ಟಿಯ ಬಾಲವನ್ನು ಗಾಳಿಗೆ ಬಿಡದೆ ಸುರುಳಿ ಸುತ್ತಿ ಬಕಲ್ಲಿನ ಅಡಿಗೆ ಸಿಕ್ಕಿಸಿ. ಎಡಬದಿಯಲ್ಲಿ ಮಾತ್ರ ನಾಲ್ಕು ಬೆರಳಿಗಿಂತ ಉದ್ದ ಬಿಡಲೇಬೇಡಿ, ಚೈನು ಆ ಕಡೆಯೇ ಇದೆ.